‘ಸಾಕು’ ಎಂಬ ಪದದ ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 21ರ ವಿಶ್ವ ಆಲ್ಝೈಮರ್ ದಿನಕ್ಕೆಂದು ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನವನ್ನು ನಮ್ಮ ಮನೆಯಲ್ಲಿ ಇಬ್ಬರೂ ಓದಿದೆವು. ನಮ್ಮ ಯಜಮಾನರು ಪೇಪರ್ ಓದುವುದು ಪೆನ್ಸಿಲ್ ಹಿಡಿದೇ. 34 ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಅಚ್ಚಾದದ್ದು ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರುವುದಿಲ್ಲ. ಆ ಲೇಖನದಲ್ಲಿ ಈ ಮರೆವಿನ ರೋಗದ ಹೆಸರು ಒಂದು ಕಡೆ ಅಲ್ಜೈಮರ್, ಇನ್ನೊಂದು ಕಡೆ ಆಲ್ಝೈಮರ್ಸ್, ಚೌಕಟ್ಟಿನೊಳಗೆ ಅಲ್ಜೀಮರ್ ಎಂದಿತ್ತು. ಮೂರಕ್ಕೂ ಸುತ್ತು ಹಾಕಿದರು. ಕೊನೆಯ ಸಾಲು ಹೀಗಿತ್ತು: ರೋಗಿಗೆ ಪ್ರೀತಿ, ಮನೆಯವರಿಗೆ ತಾಳ್ಮೆ, ಇಷ್ಟಿದ್ದರೆ ಸಾಕು. ‘ಸಾಕು’ ಎಂಬುದರ ಕೆಳಗೆ ಗೆರೆ ಎಳೆದು ಅಂಚಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದರು. ಕರಡು ತಿದ್ದುವವರ ಭಾಷೆಯಲ್ಲಿ ಅದಕ್ಕೆ ‘ಇದು ಸರಿಯೇ, ಬರೆದವರನ್ನು ಕೇಳಿ’ ಎಂದು ಅರ್ಥ.

ಅವರಿಗೆ ಆಲ್ಝೈಮರ್ ಇದೆ ಎಂದು ಗೊತ್ತಾಗಿ ಮೂರು ವರ್ಷವಾಯಿತು. ಆ ಚಿಹ್ನೆಯನ್ನು ಯೋಚಿಸಿಯೇ ಹಾಕಿದರೋ, ಕೈಗೆ ಅಂಟಿದ ಅಭ್ಯಾಸವೋ ಹೇಳಲಾರೆ. ಅರ್ಧ ಗಂಟೆ ಬಿಟ್ಟು ಕೇಳಿದಾಗ ಆ ಪುಟವನ್ನು ನೋಡಿದ ನೆನಪೇ ಅವರಿಗಿರಲಿಲ್ಲ. ಆದ್ದರಿಂದ ಕೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಪ್ರೀತಿ, ತಾಳ್ಮೆ ಎರಡೂ ನಮ್ಮ ಮನೆಯಲ್ಲಿ ಇದ್ದವು. ಅವೆರಡನ್ನೇ ನೆಚ್ಚಿಕೊಂಡು ಕಳೆದ ಮೊದಲ ಎಂಟು ತಿಂಗಳು ಹೇಗಿತ್ತೆಂದು ಹೇಳಿದರೆ ಸಾಕೋ ಸಾಲದೋ ನಿಮಗೇ ತಿಳಿದೀತು.

ರೋಗದ ಹೆಸರು ಹೇಳಿದ ದಿನ ವೈದ್ಯರು ಮಾತಾಡಿದ್ದೆಲ್ಲ ನನ್ನ ಕಡೆ ನೋಡಿಕೊಂಡು. ಇವರು ಪಕ್ಕದ ಕುರ್ಚಿಯಲ್ಲೇ ಇದ್ದರು. ‘ಇವರಿಗೆ’, ‘ಇವರನ್ನು’, ‘ಇವರು ಮುಂದೆ’. ಸ್ಕ್ಯಾನ್ ತೋರಿಸಿದರು, ಡೊನೆಪೆಜಿಲ್ ಎಂಬ ಮಾತ್ರೆ ಬರೆದರು, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬೇರೆ ಕಡೆ ತೋರಿಸಿದವರ ಕಥೆಯೂ ಹೆಚ್ಚುಕಡಿಮೆ ಇದೇ ಎಂದು ಆಮೇಲೆ ತಿಳಿಯಿತು. ಹೊರಗೆ ಬಂದಾಗ ನನ್ನ ಕೈಯಲ್ಲಿದ್ದದ್ದು ಒಂದು ಚೀಟಿ, ಮಾತ್ರೆಯದ್ದು. ಎರಡು ದಿನ ಇವರು ಏನೂ ಕೇಳಲಿಲ್ಲ. ಮೂರನೆಯ ದಿನ ನಾನಿಲ್ಲದಾಗ ರಿಪೋರ್ಟ್ ತೆಗೆದು ಓದಿದ್ದಾರೆ. ನಾನು ಬಂದಾಗ ಅದು ಮೇಜಿನ ಮೇಲಿತ್ತು. ಇವರ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು, ಅಲ್ಲಿ ಪೆನ್ಸಿಲ್ಲಿನಿಂದ ಸೇರಿಸುವ ಗುರುತು ಹಾಕಿ ಅಕ್ಷರ ಬರೆದಿದ್ದರು. ‘ಇಷ್ಟು ದೊಡ್ಡ ಕಾಯಿಲೆ ಬರಿಯೋವಾಗ ಹೆಸರನ್ನಾದ್ರೂ ನೋಡ್ಕೊಂಡು ಬರೀಬಾರ್ದಾ’ ಎಂದರು. ಅವರು ಹೆಸರಿನ ಮೇಲೆ ಹಾಕಿ ಏನೋ ಹೇಳುತ್ತಿದ್ದಾರೆ ಎಂದು ನನಗೆ ಹೊಳೆಯಿತು. ಏನು ಉತ್ತರ ಕೊಡಬೇಕೋ ತಿಳಿಯದೆ ರಿಪೋರ್ಟನ್ನು ಬೀರುವಿನಲ್ಲಿಟ್ಟೆ. ಆ ಮಾತಿಗೆ ನಾನು ಕೊಟ್ಟ ಉತ್ತರ ಅಷ್ಟೇ.

ಮಾತ್ರೆ 5 ಮಿಲಿಗ್ರಾಂನಿಂದ 10ಕ್ಕೆ ಏರಿದ ಮೇಲೆ ರಾತ್ರಿ ಬೆಚ್ಚಿ ಏಳತೊಡಗಿದರು. ಯಾರೋ ಮನೆಯೊಳಗೆ ಬಂದಿದ್ದಾರೆ ಎನ್ನುವರು. ರೋಗವೇ ಏರಿತು ಎಂದುಕೊಂಡು ನಾನು ಎಷ್ಟೋ ರಾತ್ರಿ ದೀಪ ಹಾಕಿಕೊಂಡು ಕೂತಿದ್ದೇನೆ. ಈ ಮಾತ್ರೆಗೆ ಕೆಲವರಿಗೆ ಕಣ್ಣಿಗೆ ಕಟ್ಟುವಂಥ ಕನಸು ಬೀಳುತ್ತದೆ, ರಾತ್ರಿಯ ಬದಲು ಬೆಳಿಗ್ಗೆ ಕೊಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ ಎಂದು ತಿಳಿದದ್ದು ಬಹಳ ತಡವಾಗಿ. ಇವರಿಗೆ ಸರಿಹೋಯಿತು. ಅರ್ಧ ನಿಮಿಷದ ಮಾತು. ಕೇಳಲು ನನಗೆ ಒಂದು ಫೋನ್ ನಂಬರ್ ಕೂಡ ಇರಲಿಲ್ಲ.

ಆಮೇಲೆ ಅನುಮಾನ ಶುರುವಾಯಿತು. ಪೆನ್ಸಿಲ್ ನಾನೇ ಬಚ್ಚಿಟ್ಟೆ, ಹಣ ನಾನೇ ತೆಗೆದೆ ಎನ್ನುವರು. ಒಮ್ಮೆ ಇನ್ನೂ ಕೆಟ್ಟ ಮಾತು, ಅದನ್ನು ಬರೆಯಲಾರೆ. 41 ವರ್ಷದ ಸಂಸಾರದಲ್ಲಿ ಕೇಳದ ಮಾತು. ಈ ರೋಗಕ್ಕೆ ಯಾರ ಹೆಸರಿಟ್ಟಿದ್ದಾರೋ ಆ ಡಾಕ್ಟರ್ ಅಲೋಯಿಸ್ ಆಲ್ಝೈಮರ್ 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ನೋಡಿದ ಮೊದಲ ರೋಗಿ, 51 ವರ್ಷದ ಔಗುಸ್ಟೆ ಡೆಟರ್ ಎಂಬಾಕೆಗೂ ರೋಗ ಕಾಣಿಸಿಕೊಂಡದ್ದು ಗಂಡನ ಮೇಲಿನ ಅನುಮಾನದಿಂದಲೇ ಎಂದು ಇತ್ತೀಚೆಗೆ ಓದಿದೆ. ‘ನಾನು ನನ್ನನ್ನೇ ಕಳೆದುಕೊಂಡಿದ್ದೇನೆ’ ಎಂದು ಆಕೆ ಹೇಳಿದ್ದು ದಾಖಲೆಯಲ್ಲಿದೆ. ಎಲ್ಲರೂ ಆ ಮಾತನ್ನು ಎತ್ತಿ ಹೇಳುತ್ತಾರೆ. ನನಗೆ ಮಾತ್ರ ಆಕೆಯ ಗಂಡನ ಯೋಚನೆ. ರೈಲ್ವೆ ಗುಮಾಸ್ತನಂತೆ. ಹೆಂಡತಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಮನೆಗೆ ಬಂದ ರಾತ್ರಿ ಆತ ಯಾರ ಹತ್ತಿರ ಮಾತಾಡಿರಬಹುದು?

ಈಗ ನನ್ನ ತಪ್ಪೊಂದನ್ನು ಹೇಳಬೇಕು. ನಾನು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆಗಿದ್ದವಳು. ಇವರು ಕೇಳಿದ್ದನ್ನೇ ಕೇಳುತ್ತಿದ್ದಾಗ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕತೊಡಗಿದೆ. ನಾಲ್ಕು ನೇರ ಗೆರೆ, ಐದನೆಯದಕ್ಕೆ ಅಡ್ಡ ಗೆರೆ, ಮಕ್ಕಳಿಗೆ ಕಲಿಸುತ್ತಿದ್ದ ಹಾಗೆಯೇ. ಡಾಕ್ಟರಿಗೆ ತೋರಿಸಲು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ‘ಮಗ ಯಾವಾಗ ಬರ್ತಾನೆ’ ಎಂಬ ಪ್ರಶ್ನೆಗೆ ಒಂದು ದಿನ 43 ಗೆರೆ ಬಿದ್ದವು. 44ನೆಯ ಸಲಕ್ಕೆ ಕಿರುಚಿದೆ. ಮನುಷ್ಯ ಮುದುರಿ ಕೂತುಬಿಟ್ಟರು. ಮರುದಿನ ಆ ನೋಟ್‌ಬುಕ್ ಇವರ ಕೈಗೆ ಸಿಕ್ಕಿತು. ‘ಇದೇನು ಲೆಕ್ಕ?’ ಎಂದರು. ಪೇಪರ್ ಹಾಕುವ ಹುಡುಗನ ಬಾಕಿ ಎಂದೆ. ನಂಬಿದರು. ‘ಪಾಪ, ಕೊಟ್ಟುಬಿಡು’ ಎಂದರು.

ಅಂದೇ ನನಗೆ ಯಾರಾದರೂ ಬೇಕು ಎಂದು ತೀರ್ಮಾನಿಸಿದ್ದು. ತಾಳ್ಮೆ ಮುಗಿದಿತ್ತು ಎನ್ನುವುದಕ್ಕಿಂತ, ತಾಳ್ಮೆ ಹೋಗಿ ಏನಾಗಿದೆಯೆಂದು ಕಂಡು ಹೆದರಿದೆ.

ಮೊದಲು ಹೋದ ಕೌನ್ಸೆಲರ್ ನಮಗೆ ಆಗಿಬರಲಿಲ್ಲ. ಅವರು ಒಳ್ಳೆಯವರೇ ಇರಬೇಕು, ಆದರೆ ಈ ರೋಗದ ಮನೆಗಳನ್ನು ಕಂಡವರಲ್ಲ. ಇವರನ್ನು ‘ಇವತ್ತು ಯಾವ ವಾರ?’ ಎಂದು ಕೇಳಿದರು. ಆ ಪ್ರಶ್ನೆಯನ್ನು ಆಗಲೇ ನಾಲ್ಕು ಕಡೆ ಕೇಳಿಯಾಗಿತ್ತು. ನನಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು, ಒಳ್ಳೆಯದನ್ನೇ ಯೋಚಿಸಿ ಎಂದರು. ಅಲ್ಲಿಗೆ ಬಿಟ್ಟುಬಿಡುತ್ತಿದ್ದೆನೋ ಏನೋ. ದೊಡ್ಡ ಆಸ್ಪತ್ರೆಯೊಂದರ ನೆನಪಿನ ಕ್ಲಿನಿಕ್ಕಿನಲ್ಲಿದ್ದ ನರ್ಸ್ ಒಬ್ಬರು ಒಂದು ಮಾತು ಹೇಳಿದರು: ‘ಮನೋವೈದ್ಯಕೀಯ ವಿಭಾಗದಲ್ಲಿ ಸೋಶಿಯಲ್ ವರ್ಕರ್ ಇರ್ತಾರೆ, ಅವರನ್ನ ಕೇಳಿ ಅಮ್ಮ. ಡಾಕ್ಟರನ್ನಲ್ಲ.’ ನನ್ನಂತೆ ಹುಡುಕುತ್ತಿರುವವರಿಗೆ ಇದನ್ನೇ ದಾಟಿಸುತ್ತಿದ್ದೇನೆ. ನರರೋಗ ವಿಭಾಗದ ಬಾಗಿಲಲ್ಲಿ ಸಿಗದ ದಾರಿ ಎಷ್ಟೋ ಸಲ ಸೋಶಿಯಲ್ ವರ್ಕರ್ ಕೋಣೆಯಲ್ಲಿ ಸಿಗುತ್ತದೆ. ಆಲ್ಝೈಮರ್ ಸಂಘಗಳು ಇಂದು 100ಕ್ಕೂ ಹೆಚ್ಚು ದೇಶಗಳಲ್ಲಿವೆ; ಸಹಾಯವಾಣಿ, ತರಬೇತಿ, ಮನೆಯವರ ಸಭೆ ಇಂಥವನ್ನು ಅವು ನಡೆಸುತ್ತವೆ. ಮನೆ ಬಿಟ್ಟು ಹೊರಡಲಾಗದವರಿಗೆ ಫೋನಿನಲ್ಲೇ ಕೂರಬಹುದಾದ ಸಭೆಗಳೂ ಇವೆ.

ಎರಡನೆಯವರನ್ನು ಆರಿಸುವಾಗ ಸಂಕೋಚ ಬಿಟ್ಟು ಮೊದಲೇ ಕೇಳಿದೆ: ಇಂಥ ಎಷ್ಟು ಕುಟುಂಬಗಳ ಜೊತೆ ಕೆಲಸ ಮಾಡಿದ್ದೀರಿ, ನಮ್ಮಿಬ್ಬರನ್ನೂ ನೋಡುತ್ತೀರಾ, ನಾನು ಒಬ್ಬಳೇ ಹೇಳಿದ್ದು ಇವರಿಗೆ ಹೋಗುತ್ತದೆಯೇ? ಸೀರೆ ಅಂಗಡಿಯಲ್ಲಿ ಇದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತೇವೆ.

ಆ ಹೆಣ್ಣುಮಗಳು ಕುರ್ಚಿಯನ್ನು ಇವರ ಎದುರಿಗೆ ಹಾಕಿಕೊಂಡು ಕೂತಳು. ‘ಸರ್, ನಿಮಗೆ ಯಾವುದು ಹೆಚ್ಚು ಭಯ?’ ಎಂದಳು. ಎಂಟು ತಿಂಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಇವರು ಬಹಳ ಹೊತ್ತು ಸುಮ್ಮನಿದ್ದರು. ನಾನು ಬಾಯಿ ತೆರೆಯಲು ಹೋದೆ, ಆಕೆ ಕೈಯಲ್ಲೇ ತಡೆದಳು. ಕೊನೆಗೆ ಇವರು ಹೇಳಿದರು: ‘ತಪ್ಪಾಗೋದಕ್ಕೆ ಭಯ ಇಲ್ಲಮ್ಮ. ತಪ್ಪಾಯ್ತು ಅಂತ ನನಗೆ ಗೊತ್ತಾಗದೇ ಹೋಗ್ತದಲ್ಲ, ಅದಕ್ಕೆ.’ ಜೀವಮಾನವಿಡೀ ತಪ್ಪು ಹುಡುಕಿ ಉಂಡ ಮನುಷ್ಯ. ರಿಪೋರ್ಟಿನಲ್ಲಿ ಅಕ್ಷರ ಸೇರಿಸಿದ ದಿನ ಅವರು ಹೇಳಲು ಹೊರಟಿದ್ದು ಇದನ್ನೇ ಇರಬೇಕು.

ಮರೆವಿನ ರೋಗಿಗೆ ಕೌನ್ಸೆಲಿಂಗ್ ಏಕೆ, ನಾಳೆಗೆ ಮರೆತುಬಿಡುತ್ತಾರಲ್ಲ ಎಂದು ನಮ್ಮ ನೆಂಟರೇ ಕೇಳಿದ್ದುಂಟು. ಆಡಿದ ಮಾತು ಮರೆಯುತ್ತದೆ ನಿಜ. ಹಗುರಾದ ಮನಸ್ಸು ಮಾತಿನಷ್ಟು ಬೇಗ ಮರೆತುಹೋಗುವುದಿಲ್ಲ, ಅದನ್ನು ನಾನು ಮನೆಗೆ ಬರುವ ದಾರಿಯುದ್ದಕ್ಕೂ ಕಂಡಿದ್ದೇನೆ. ಆಕೆ ಇವರಿಗೆ ಬೆಳಗಿನ ಹೊತ್ತೇ ಕೊಡುತ್ತಿದ್ದಳು, ಅರ್ಧ ಗಂಟೆ ಮೀರುತ್ತಿರಲಿಲ್ಲ, ಮುಗಿಯುವಾಗ ಮಾತಾಡಿದ್ದನ್ನು ಮೂರು ಸಾಲಿನಲ್ಲಿ ಒಂದು ಕಾರ್ಡಿನ ಮೇಲೆ ಬರೆದುಕೊಡುತ್ತಿದ್ದಳು. ಆ ಕಾರ್ಡುಗಳು ಇವರ ಅಂಗಿಯ ಜೇಬಿನಲ್ಲೇ ಇರುತ್ತವೆ. ತಿದ್ದುಪಡಿಗಳೊಂದಿಗೆ! ಇನ್ನೊಂದು ಉಪಕಾರವೂ ಆಯಿತು. ದಿನವಿಡೀ ಗೋಡೆ ನೋಡುತ್ತ ಕೂರುತ್ತಿದ್ದುದು ಬರೀ ಮರೆವಲ್ಲ, ಖಿನ್ನತೆಯೂ ಇದೆ ಎಂದು ಆಕೆಗೆ ಅನಿಸಿ ಮನೋವೈದ್ಯರ ಹತ್ತಿರ ಕಳಿಸಿದಳು. ಆಲ್ಝೈಮರ್ ಇದ್ದವರಲ್ಲಿ ಖಿನ್ನತೆ ಸಾಮಾನ್ಯವಂತೆ. ರೋಗ ಗುಣವಾಗದಿದ್ದರೂ ಇದಕ್ಕೆ ಮಾಡುವುದು ಬೇಕಾದಷ್ಟಿದೆ. 2022ರಲ್ಲಿ ಇಂಗ್ಲೆಂಡಿನ ಸಂಶೋಧಕರು ದಾಖಲೆಗಳನ್ನು ನೋಡಿ, ಮರೆವಿನ ರೋಗವೆಂದು ಗೊತ್ತಾದ ಮೊದಲ ಮೂರು ತಿಂಗಳಲ್ಲಿ, 65 ತುಂಬದವರಲ್ಲಿ ಮುಖ್ಯವಾಗಿ, ಆತ್ಮಹತ್ಯೆಯ ಅಪಾಯ ಹೆಚ್ಚು ಎಂದು ಪ್ರಕಟಿಸಿದ್ದಾರೆ. ಇವರಿಗೆ ಆಗ 64. ನಮಗೆ ಕೊಟ್ಟ ಮುಂದಿನ ಭೇಟಿ ಆರು ತಿಂಗಳ ನಂತರ. ಇದನ್ನು ಓದಿದ ದಿನ ನಾನು ಪುಟ ಮಡಚಿಟ್ಟು ಸ್ವಲ್ಪ ಹೊತ್ತು ಹೊರಗೆ ನಡೆದುಬಂದೆ.

ನನ್ನ ಸರದಿಯಲ್ಲಿ ಆಕೆ 22 ಪ್ರಶ್ನೆಗಳ ಒಂದು ಹಾಳೆ ಕೊಟ್ಟಳು. ಜರಿಟ್ ಎಂಬವರು ಸಿದ್ಧಮಾಡಿದ್ದು, ನೋಡಿಕೊಳ್ಳುವವರ ಮೇಲೆ ಎಷ್ಟು ಭಾರವಿದೆ ಎಂದು ಅಳೆಯುವುದಕ್ಕೆ. ಒಂದೊಂದಕ್ಕೆ ಸೊನ್ನೆಯಿಂದ 4 ಅಂಕ, ಒಟ್ಟು 88. ನಾನು 26 ಹಾಕಿಕೊಂಡೆ. ಆಕೆ ಹಾಳೆ ನೋಡಿ, ‘ಟೀಚರ್, ಹೆಚ್ಚುಕಡಿಮೆ ಎಲ್ಲದಕ್ಕೂ ‘ಅಪರೂಪಕ್ಕೆ’ ಅಂತಲೇ ಗುರುತು ಹಾಕಿದ ಮಕ್ಕಳನ್ನ ನೀವು ಏನಂತಿದ್ರಿ?’ ಎಂದಳು. ಮನೆಗೆ ಒಯ್ದು, ಇವರು ಮಲಗಿದ ಮೇಲೆ ಮತ್ತೆ ತುಂಬಿದೆ. 57 ಬಂತು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದು ಅತ್ತದ್ದು ಅದೇ ಮೊದಲು.

ಗೆರೆಗಳ ನೋಟ್‌ಬುಕ್ಕನ್ನೂ ತೋರಿಸಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಒಂದೇ ಬದಲಾವಣೆ ಹೇಳಿದಳು: ಗೆರೆಯ ಮುಂದೆ, ಆ ಹೊತ್ತಿನಲ್ಲಿ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಎರಡು ಪದ ಬರೆಯಿರಿ. ಎರಡು ವಾರ ಬರೆದೆ. ಮಗನ ಪ್ರಶ್ನೆ ಹೆಚ್ಚಾಗಿ ಬರುತ್ತಿದ್ದದ್ದು ಸಂಜೆ, ನಾನು ಬೇರೆ ಕೋಣೆಯಲ್ಲಿದ್ದಾಗ. ಅವರು ಮಗನನ್ನು ಕೇಳುತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ಇದ್ದೀರಾ ಎಂದು ಕೇಳುತ್ತಿದ್ದರು. ಈಗ ಸಂಜೆ ಅವರು ಕೂತ ಕಡೆಯೇ ನನ್ನ ಕೆಲಸ ತಂದುಕೊಳ್ಳುತ್ತೇನೆ. ಪ್ರಶ್ನೆ ನಿಂತಿಲ್ಲ. ಆದರೆ ಲೆಕ್ಕ ಬೇಕಾಗುವಷ್ಟಿಲ್ಲ. ಅನುಮಾನದ ಮಾತು ಬಂದಾಗ ವಾದಕ್ಕೆ ಇಳಿಯದೆ ‘ಬನ್ನಿ, ಇಬ್ಬರೂ ಹುಡುಕೋಣ’ ಎನ್ನುವುದನ್ನೂ ಅಲ್ಲೇ ಕಲಿತೆ. ಇದನ್ನು ಬಾಯಿಪಾಠ ಮಾಡಲು ನನಗೆ ತಿಂಗಳು ಹಿಡಿಯಿತು, ನಾನು ಸುಲಭಕ್ಕೆ ಸೋಲುವವಳಲ್ಲ.

ಇನ್ನೊಂದು ವಿಷಯಕ್ಕೆ ಆಕೆ ಹೆಸರು ಕೊಟ್ಟಳು. ಮನುಷ್ಯ ಎದುರಿಗೇ ಇದ್ದಾರೆ, ಆದರೂ ಕಳೆದುಕೊಂಡಂತೆ ಸಂಕಟ. ಹೀಗೆ ದುಃಖಪಡುವುದು ಪಾಪವೇನೋ ಎಂಬ ಅಳುಕು ಬೇರೆ. ಪಾಲಿನ್ ಬಾಸ್ ಎಂಬ ಅಮೆರಿಕದ ವಿದ್ವಾಂಸೆ 1970ರ ದಶಕದಲ್ಲಿ, ಯುದ್ಧಕ್ಕೆ ಹೋಗಿ ಬದುಕಿದ್ದಾರೋ ಇಲ್ಲವೋ ತಿಳಿಯದೆ ಕಾಣೆಯಾದ ಸೈನಿಕರ ಮನೆಯವರ ಜೊತೆ ಮಾತಾಡುತ್ತ ಇಂಥ ದುಃಖವನ್ನು ಗುರುತಿಸಿದರಂತೆ. ಕನ್ನಡದಲ್ಲಿ ‘ಅಸ್ಪಷ್ಟ ಅಗಲಿಕೆ’ ಎನ್ನಬಹುದೇನೋ. ಸೈನಿಕರದ್ದು ದೇಹವಿಲ್ಲದ ನೆನಪು, ನಮ್ಮದು ತಿರುಗುಮುರುಗು. ಹೆಸರು ಸಿಕ್ಕರೆ ನೋವು ಕಡಿಮೆಯಾಗುವುದಿಲ್ಲ, ಆದರೆ ನನಗೇನೋ ಕೇಡು ಬುದ್ಧಿ ಬಂದಿದೆ ಎಂಬ ಹೆದರಿಕೆ ಹೋಯಿತು.

ಮಗ ದೂರದಲ್ಲಿದ್ದಾನೆ. ‘ಅಮ್ಮ, ಫೋನಲ್ಲಿ ಅಪ್ಪ ಚೆನ್ನಾಗೇ ಮಾತಾಡಿದ್ರಲ್ಲ, ನೀನು ಸುಮ್ನೆ ಗಾಬರಿಯಾಗ್ತೀಯ’ ಎನ್ನುತ್ತಿದ್ದ. ಹತ್ತು ನಿಮಿಷ ಚೆನ್ನಾಗಿ ಮಾತಾಡುವುದು ಇವರಿಗೆ ಈಗಲೂ ಬರುತ್ತದೆ. ಫೋನಿಟ್ಟ ಮೇಲೆ ಸುಸ್ತಾಗಿ ಮಲಗುವುದನ್ನು ಮಗ ಕಂಡಿಲ್ಲ. ಕೌನ್ಸೆಲರ್ ಅವನನ್ನೂ ವಿಡಿಯೋದಲ್ಲಿ ಕೂರಿಸಿದಳು. ಮೂರು ಸಲ. ಉಯಿಲು, ಬ್ಯಾಂಕಿನ ಸಹಿ, ಮುಂದೆ ಯಾವ ಚಿಕಿತ್ಸೆ ಬೇಕು ಯಾವುದು ಬೇಡ, ಎಲ್ಲವನ್ನೂ ಇವರ ಬಾಯಿಂದಲೇ ಕೇಳಿ ಬರೆದುಕೊಂಡದ್ದು ಆಗ. ಇನ್ನೊಂದು ವರ್ಷ ಕಳೆದಿದ್ದರೆ ಅವೆಲ್ಲ ನಾನೊಬ್ಬಳೇ ಊಹಿಸಬೇಕಿತ್ತು.

ಇದೆಲ್ಲ ನಮ್ಮ ಮನೆಯ ಅದೃಷ್ಟವೆಂದು ಯಾರೂ ತಿಳಿಯಬಾರದೆಂದು ಎರಡು ಲೆಕ್ಕ ಕೊಡುತ್ತೇನೆ, ಟೀಚರ್ ಚಪಲ ಎಂದುಕೊಳ್ಳಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮೇರಿ ಮಿಟ್ಟೆಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ಒಂದು ಅಧ್ಯಯನ ಆರಂಭಿಸಿದರು. ಆಲ್ಝೈಮರ್ ಇದ್ದವರ ಗಂಡ ಅಥವಾ ಹೆಂಡತಿ, ಒಟ್ಟು 406 ಮಂದಿ. ಅರ್ಧದಷ್ಟು ಜನರಿಗೆ ಆರು ಸಲ ಸಮಾಲೋಚನೆ: ಎರಡು ಒಬ್ಬರೇ, ನಾಲ್ಕು ಮನೆಯವರೆಲ್ಲ ಕೂಡಿ. ಬಳಿಕ ಸಮಾನ ದುಃಖಿಗಳ ಗುಂಪು, ಬೇಕೆನಿಸಿದಾಗ ಫೋನ್. ಅವರ ಮನೆಗಳಲ್ಲಿ ರೋಗಿಯನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ದಿನ, ಮಧ್ಯಾಂಕದ ಲೆಕ್ಕದಲ್ಲಿ, 557 ದಿನ ಮುಂದೆ ಹೋಯಿತು ಎಂದು 2006ರಲ್ಲಿ ಪ್ರಕಟವಾಯಿತು. ಒಂದೂವರೆ ವರ್ಷ! ಯಾವುದಾದರೂ ಮಾತ್ರೆ ಇಷ್ಟು ಮಾಡಿದ್ದರೆ ನಿಮ್ಮ ಮುಖಪುಟದಲ್ಲಿ ಅದರ ಜಾಹೀರಾತು ಬರುತ್ತಿತ್ತು.

ಇಷ್ಟು ಜನರಿಗೆ ತಜ್ಞರನ್ನು ಎಲ್ಲಿಂದ ತರುವುದು ಎಂದರೆ ಅದಕ್ಕೂ ಉತ್ತರವಿದೆ. ಲಂಡನ್ನಿನ ‘ಸ್ಟಾರ್ಟ್’ ಎಂಬ ಯೋಜನೆಯಲ್ಲಿ 260 ಮಂದಿ ಮನೆಯವರ ಮೇಲೆ ಪ್ರಯೋಗ ಮಾಡಿದಾಗ ಎಂಟು ಭೇಟಿಗಳನ್ನು ನಡೆಸಿದ್ದು ಮನಶ್ಶಾಸ್ತ್ರದ ಪದವಿ ಮುಗಿಸಿದ ಹುಡುಗ ಹುಡುಗಿಯರು, ಹಿರಿಯರ ಮೇಲ್ವಿಚಾರಣೆಯಲ್ಲಿ. ಎರಡು ವರ್ಷದ ನಂತರವೂ ಅದರ ಗುಣ ಕಾಣುತ್ತಿತ್ತು. ಸ್ಕಾಟ್ಲೆಂಡಿನಲ್ಲಿ 2013ರಿಂದ, ರೋಗ ಹೊಸದಾಗಿ ಗೊತ್ತಾದವರಿಗೆ ಕನಿಷ್ಠ ಒಂದು ವರ್ಷ ಇಂಥವರೇ ಎಂದು ಹೆಸರು ಹೇಳಿ ಒಬ್ಬ ಸಹಾಯಕರನ್ನು ಕೊಡುವುದಾಗಿ ಸರ್ಕಾರವೇ ಮಾತು ಕೊಟ್ಟಿದೆ. ನೆದರ್ಲೆಂಡ್ಸ್‌ನಲ್ಲಿ 1997ರಲ್ಲಿ ಮೀಸೆನ್ ಎಂಬ ಮನಶ್ಶಾಸ್ತ್ರಜ್ಞರು ‘ಆಲ್ಝೈಮರ್ ಕೆಫೆ’ ಎಂಬುದನ್ನು ಶುರುಮಾಡಿದರು. ರೋಗಿ, ಮನೆಯವರು, ವೈದ್ಯರು ಒಂದೇ ಕೋಣೆಯಲ್ಲಿ ಕೂತು ರೋಗದ ಹೆಸರು ಹಿಡಿದೇ ಮಾತಾಡುವ ಜಾಗ.

ಇವರೂ ಒಂದು ಗುಂಪಿಗೆ ಹೋಗುತ್ತಾರೆ. ಆರಂಭದ ಹಂತದಲ್ಲಿರುವವರದೇ ಗುಂಪು, ಏಳೆಂಟು ಜನ. ನಮ್ಮಂಥವರು ಪಕ್ಕದ ಕೋಣೆಯಲ್ಲಿ. ಮೊದಲ ದಿನ ಹೇಗಿತ್ತು ಎಂದು ಕೇಳಿದೆ. ಯಾರ ಹೆಸರೂ ನೆನಪಿರಲಿಲ್ಲ. ‘ಅಲ್ಲಿ ತಪ್ಪು ಮಾತಾಡಿದ್ರೆ ಯಾರೂ ತಿದ್ದಲ್ಲ ಕಣೆ’ ಎಂದರು, ರಜೆ ಸಿಕ್ಕವರ ಹಾಗೆ.

ನಿಮ್ಮನ್ನು ಕೇಳುವುದು ಇಷ್ಟು. ವರ್ಷಕ್ಕೊಮ್ಮೆ ಬರುವ ಹತ್ತು ಲಕ್ಷಣಗಳ ಪಟ್ಟಿ ನಮಗೆ ಬಾಯಿಪಾಠವಾಗಿದೆ. ಲಕ್ಷಣ ಕಂಡು, ಪರೀಕ್ಷೆ ಮುಗಿದು, ಹೆಸರು ಗೊತ್ತಾದ ಮೇಲಿನ ಬುಧವಾರ ಏನು ಮಾಡಬೇಕು ಎಂದು ಬರೆಸಿ. ತಿಂಗಳಿಗೊಮ್ಮೆ ಒಂದು ಅಂಕಣವಾದರೂ ಸಾಕು. ಈ ‘ಸಾಕು’ ನನ್ನದು, ಪ್ರಶ್ನೆ ಚಿಹ್ನೆ ಬೇಡ. ನೆನಪಿನ ಕ್ಲಿನಿಕ್‌ಗಳು ಎಲ್ಲಿವೆ, ಗುಂಪುಗಳು ಯಾವ ದಿನ ಸೇರುತ್ತವೆ, ಸಹಾಯವಾಣಿಗೆ ಯಾವ ಹೊತ್ತು ಫೋನ್ ಮಾಡಬಹುದು ಎಂದು ಹಾಕಿ. ಅದನ್ನು ಓದುವ ವೈದ್ಯರು, ಮಾತ್ರೆಯ ಚೀಟಿಯ ಜೊತೆಗೆ ಇನ್ನೊಂದು ಚೀಟಿ ಬರೆದುಕೊಡಲಿ: ಯಾರನ್ನು ಕಾಣಬೇಕು, ಯಾವ ನಂಬರ್. ಕೊಡುವಾಗ ಪಕ್ಕದ ಕುರ್ಚಿಯಲ್ಲಿರುವವರ ಕೈಗೇ ಕೊಡಲಿ. ಹಾಗೆಯೇ, ‘ಅರವತ್ತರ ಅರಳು ಮರಳು’ ಎಂದು ಶೀರ್ಷಿಕೆ ಹಾಕುವುದನ್ನು ಬಿಡಿ. ಆ ಗಾದೆಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದನ್ನು ನಂಬಿಯೇ ನಾವು ಡಾಕ್ಟರ ಹತ್ತಿರ ಹೋಗಲು ಎರಡು ವರ್ಷ ತಡ ಮಾಡಿದ್ದು.

ಗೆರೆಗಳ ಸಂಗತಿ ಬರೆಯಲೇ ಎಂದು ಇವರನ್ನು ಕೇಳಿದ್ದೇನೆ. ಕೌನ್ಸೆಲರ್ ಮುಂದೆ ಅದನ್ನು ಹಿಂದೆಯೇ ಹೇಳಿಯಾಗಿತ್ತು, ಅವರಿಗೆ ಮತ್ತೆ ಹೊಸದಾಗಿ ಹೇಳಬೇಕಾಯಿತು. ‘ಬರಿ, ಆದ್ರೆ ತಪ್ಪಿಲ್ಲದೆ ಬರಿ’ ಎಂದರು. ಬರೆದು ಮುಗಿಸಿ ಅವರ ಕೈಗೇ ಕೊಟ್ಟೆ. ಇಡೀ ಬೆಳಗು ಓದಿ ಮೂರು ಕಡೆ ಗುರುತು ಹಾಕಿದರು. ಎರಡು ನನ್ನವೇ ತಪ್ಪು, ತಿದ್ದಿದ್ದೇನೆ. ಮೂರನೆಯ ಕಡೆ ತಪ್ಪೇನೂ ಇರಲಿಲ್ಲ. ಅದನ್ನೂ ಅವರು ಹೇಳಿದಂತೆಯೇ ಬದಲಿಸಿದ್ದೇನೆ. ನಿಮ್ಮ ಕಚೇರಿಯಲ್ಲಿ ಕರಡು ನೋಡುವವರ ಕಣ್ಣಿಗೆ ಅದು ಬಿದ್ದರೆ, ದಯವಿಟ್ಟು ಹಾಗೇ ಬಿಡಲು ಹೇಳಿ.

ಇತಿ,
ಹೆಸರು ಹಾಕಬೇಡಿ ಎಂದು ಕೋರುವ
ನಿಮ್ಮ ಹಳೆಯ ಓದುಗಾರ್ತಿ